60 ನಿಮಿಷದ ಪಂದ್ಯಕ್ಕೆ ಮೂರು ಗಂಟೆ ಏಕೆ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುತ್ತಾರೆ. ಪಂದ್ಯ 60 ನಿಮಿಷದ್ದಂತೆ. ಆದರೆ ಮಧ್ಯಾಹ್ನ ಒಂದಕ್ಕೆ ಶುರುವಾದದ್ದು ನಾಲ್ಕು ದಾಟಿದರೂ ಮುಗಿಯುವುದಿಲ್ಲ. ಆಟ ಹಿಡಿಸಿದೆ, ಕಾಯುವುದು ಹಿಡಿಸಿಲ್ಲ. ಇಷ್ಟು ಹೊತ್ತು ಏಕೆ? ಕಡಿಮೆ ಮಾಡಲು ಬರುವುದಿಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅಸಹನೆ ನ್ಯಾಯವಾದದ್ದೇ. ಚೆಂಡು ಆಟದಲ್ಲಿರುವ ಹೊತ್ತನ್ನು ಮಾತ್ರ ಕೂಡಿಸಿದರೆ ಒಂದು ಪಂದ್ಯದಲ್ಲಿ ಸಿಗುವುದು ಸುಮಾರು 11 ನಿಮಿಷ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಪಂದ್ಯಗಳ ಪ್ರಸಾರವನ್ನು ಅಳೆದು ಕೊಟ್ಟ ಲೆಕ್ಕ ಅದು.

ಈ ಆಟ ತುಂಡು ತುಂಡಾಗಿ ನಡೆಯುತ್ತದೆ. ಒಂದು ತುಂಡಿಗೆ ಪ್ಲೇ ಎನ್ನುತ್ತಾರೆ. ಸಾಲಿನ ಮಧ್ಯದವನು ಚೆಂಡನ್ನು ಹಿಂದಿನವನ ಕೈಗೆ ಕೊಟ್ಟೊಡನೆ ಅದು ಶುರು, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿದೊಡನೆ ಮುಗಿಯಿತು. ಐದಾರು ಸೆಕೆಂಡಿನ ಮಾತು. ಮುಂದಿನ ಪ್ಲೇ ಶುರುಮಾಡಲು ತಂಡಕ್ಕೆ 40 ಸೆಕೆಂಡು ಇರುತ್ತದೆ. ಆಟಗಾರರು ಸುತ್ತುಗಟ್ಟಿ ಮಾತಾಡಿಕೊಂಡು ಸಾಲಾಗಿ ನಿಲ್ಲುವವರೆಗೂ ಪಂದ್ಯದ ಗಡಿಯಾರ ಬಹುತೇಕ ಓಡುತ್ತಲೇ ಇರುತ್ತದೆ. ಹಾಗಾಗಿ ಆ 60 ನಿಮಿಷದೊಳಗೇ ಬಹುಪಾಲು ಬಿಡುವು. ಇದನ್ನು ನಾನು ದೋಷವೆಂದು ಹೇಳುವುದಿಲ್ಲ. ಮುಂದೇನು ಮಾಡುತ್ತಾರೆ ಎಂದು ಪ್ರೇಕ್ಷಕ ಊಹಿಸುವ ಹೊತ್ತು ಅದು. ಆಟದ ರುಚಿಯಲ್ಲಿ ಅದಕ್ಕೂ ಪಾಲಿದೆ.

ತೊಂದರೆ ಇರುವುದು ಉಳಿದ ಎರಡು ಗಂಟೆಯಲ್ಲಿ. ಪಾಸ್ ಕೈಗೆ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ತಂಡವೊಂದಕ್ಕೆ ಅರ್ಧಕ್ಕೆ ಮೂರರಂತೆ ಟೈಮ್‌ಔಟ್ ಇವೆ. ದಂಡ, ಗಾಯ, ವಿಡಿಯೊ ಮರುಪರಿಶೀಲನೆ ಬೇರೆ. ಇವೆಲ್ಲದರ ಜೊತೆಗೆ, ಟಿವಿಗೆಂದೇ ಇಟ್ಟ ವಿರಾಮಗಳು. ಒಮ್ಮೆ ಕ್ರೀಡಾಂಗಣಕ್ಕೇ ಹೋಗಿ ನೋಡಿ. ಕಾಲೇಜು ಪಂದ್ಯವಾದರೆ ಅಂಕಣದ ಅಂಚಿನಲ್ಲಿ ಕೆಂಪು ಟೋಪಿಯವರೊಬ್ಬರು ನಿಂತಿರುತ್ತಾರೆ. ಅವರು ವಾಹಿನಿಯ ಕಡೆಯಿಂದ ಅಂಪೈರ್‌ಗಳಿಗೆ ಸಂಜ್ಞೆ ಕೊಡುವವರು. ಜಾಹೀರಾತು ಮುಗಿದು ಅವರು ಸರಿಯೆನ್ನುವವರೆಗೆ ಎರಡೂ ಕಡೆಯ 22 ಆಟಗಾರರು ಸುಮ್ಮನೆ ನಿಂತಿರಬೇಕು. ಡಿಸೆಂಬರ್‌ನಲ್ಲಿ ಗ್ರೀನ್ ಬೇಯಂಥ ಊರಿನ ಕೊರೆಯುವ ಚಳಿಯಲ್ಲಿ, ದುಡ್ಡು ಕೊಟ್ಟು ಬಂದ ಪ್ರೇಕ್ಷಕರೂ ಅವರೊಂದಿಗೆ ಕಾಯುತ್ತಾರೆ. ಮನೆಯಲ್ಲಿರುವ ನಮಗಾದರೂ ಎದ್ದು ಕಾಫಿ ಮಾಡಿಕೊಳ್ಳುವ ಅನುಕೂಲವಿದೆ. ಅವರಿಗೆ ಅದೂ ಇಲ್ಲ.

ಐಪಿಎಲ್‌ನ ಸ್ಟ್ರಾಟೆಜಿಕ್ ಟೈಮ್‌ಔಟ್ ನೋಡಿದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಭಾನುವಾರ ನೋಡುವ ವೃತ್ತಿಪರ ತಂಡಗಳ ಲೀಗ್ ಎನ್‌ಎಫ್‌ಎಲ್ 2021ರಲ್ಲಿ ಮಾಡಿಕೊಂಡ ಪ್ರಸಾರ ಒಪ್ಪಂದಗಳ ಒಟ್ಟು ಮೊತ್ತ ಹನ್ನೊಂದು ವರ್ಷಕ್ಕೆ 10,000 ಕೋಟಿ ಡಾಲರ್‌ಗೂ ಹೆಚ್ಚು. ವಾಹಿನಿಗಳು ಆ ಹಣವನ್ನು ಮುಖ್ಯವಾಗಿ ವಿರಾಮಗಳಲ್ಲೇ ಹಿಂಪಡೆಯಬೇಕು.

ಕಡಿಮೆ ಮಾಡಲು ಬರುವುದಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ. ಆದರೆ ಕತ್ತರಿ ಎಲ್ಲಿ ಹಾಕಬೇಕು ಎಂಬಲ್ಲಿ ಎಡವಿದವರೇ ಹೆಚ್ಚು. 2006ರಲ್ಲಿ ಕಾಲೇಜು ಫುಟ್‌ಬಾಲ್‌ನ ನಿಯಮ ಬದಲಿಸಿ, ಮೊದಲು ನಿಂತಿರುತ್ತಿದ್ದ ಕಡೆಗಳಲ್ಲೂ ಗಡಿಯಾರ ಓಡಿಸಿದರು. ಪಂದ್ಯವೇನೋ ಚಿಕ್ಕದಾಯಿತು, ಆದರೆ ಪ್ರತಿ ಪಂದ್ಯದಲ್ಲಿ ಹತ್ತಕ್ಕೂ ಹೆಚ್ಚು ಪ್ಲೇಗಳು ಮಾಯವಾದವು. ತರಬೇತುದಾರರು ಸಿಡಿದೆದ್ದರು, ಮರುವರ್ಷವೇ ನಿಯಮ ಹಿಂದಕ್ಕೆ ಹೋಯಿತು. 2023ರಲ್ಲಿ ಮತ್ತೆ ಅದೇ ದಾರಿ: ಫಸ್ಟ್ ಡೌನ್ ಸಿಕ್ಕಾಗ, ಅಂದರೆ ತಂಡ ಬೇಕಾದ ಹತ್ತು ಗಜ ಮುಂದೆ ಸಾಗಿದಾಗ, ಗಡಿಯಾರ ನಿಲ್ಲಿಸುವ ಪದ್ಧತಿಯನ್ನು ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಸೀಮಿತಗೊಳಿಸಿದರು. ಕತ್ತರಿ ಬಿದ್ದದ್ದು ಮತ್ತೆ ಆಟಕ್ಕೇ. ನೋಡಲು ಬಂದದ್ದನ್ನೇ ಕಿತ್ತುಕೊಂಡು ಸಮಯ ಉಳಿಸಿದೆವು ಎನ್ನುವುದನ್ನು ನಾನು ಒಪ್ಪಲಾರೆ.

ಇದಕ್ಕಿಂತ ಒಳ್ಳೆಯ ಹೆಜ್ಜೆಯನ್ನು ಎನ್‌ಎಫ್‌ಎಲ್ 2017ರಲ್ಲಿ ಇಟ್ಟಿತು. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಆದೊಡನೆ ಜಾಹೀರಾತು, ಮರಳಿ ಬಂದು ಚೆಂಡನ್ನು ಒದ್ದು ಆಟ ಮತ್ತೆ ಶುರುಮಾಡುವ ಒಂದೇ ಒಂದು ಕಿಕ್‌ಆಫ್, ಮತ್ತೆ ಜಾಹೀರಾತು. ಇದು ತನಗೂ ರೇಗಿಸುತ್ತದೆ ಎಂದು ಕಮಿಷನರ್ ರೋಜರ್ ಗುಡೆಲ್ ಅಭಿಮಾನಿಗಳಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು. ಸಾಮಾನ್ಯವಾಗಿ ಕ್ವಾರ್ಟರ್‌ಗೆ, ಅಂದರೆ ಪಂದ್ಯದ ಕಾಲು ಭಾಗಕ್ಕೆ, ಐದಿದ್ದ ವಿರಾಮಗಳು ನಾಲ್ಕಕ್ಕಿಳಿದವು. ಆದರೆ ಒಂದೊಂದು ವಿರಾಮವೂ ಉದ್ದವಾಯಿತು, ಹಾಗಾಗಿ ಉಳಿದ ಸಮಯ ಅಲ್ಪವೇ.

ನಿಜವಾಗಿ ಅನುಕರಿಸಬೇಕಾದದ್ದು ಬೇಸ್‌ಬಾಲನ್ನು. 2023ರಲ್ಲಿ ಅಲ್ಲಿ ಪಿಚರ್ ಚೆಂಡೆಸೆಯಲು ಗಡಿಯಾರದ ಮಿತಿ ಬಂತು. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷವಿದ್ದ ಪಂದ್ಯ 2 ಗಂಟೆ 40 ನಿಮಿಷಕ್ಕಿಳಿಯಿತು. ಒಂದು ಇನ್ನಿಂಗ್ಸೂ ಕಡಿಮೆಯಾಗಲಿಲ್ಲ. ಹೋದದ್ದು ಕೈಗವಸು ಬಿಗಿಯುವ, ಬೂಟು ಒರೆಸುವ ಹೊತ್ತು ಮಾತ್ರ. ಫುಟ್‌ಬಾಲ್‌ನಲ್ಲಿ ಅಂಥ ವ್ಯರ್ಥ ಹೊತ್ತು ಎಲ್ಲಿದೆ? ಮರುಪರಿಶೀಲನೆಯಲ್ಲಿದೆ. ಒಂದು ನಿಮಿಷದಲ್ಲಿ ತಪ್ಪು ಕಣ್ಣಿಗೆ ಬೀಳದಿದ್ದರೆ ಮೂಲ ತೀರ್ಪೇ ನಿಲ್ಲಲಿ. ಕಾಲೇಜು ಪಂದ್ಯದ ಹಾಫ್‌ಟೈಮ್ 20 ನಿಮಿಷ, 15 ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಜಾಹೀರಾತು, ಇನ್ನೊಂದು ಕಡೆ ಅಂಕಣ ತೋರಿಸುವ ಪದ್ಧತಿ ಈಗಾಗಲೇ ಅಲ್ಲಲ್ಲಿ ಬಳಕೆಯಲ್ಲಿದೆ. ಅದನ್ನೇ ಹೆಚ್ಚಿಸಿದರೆ ಆಟ ನಿಲ್ಲಿಸಬೇಕಾಗಿಯೇ ಇಲ್ಲ, ವಾಹಿನಿಯ ಹಣವೂ ಹೋಗುವುದಿಲ್ಲ.

ಪಂದ್ಯದ ಕೊನೆಯ ಎರಡು ನಿಮಿಷವನ್ನು ಮಾತ್ರ ಯಾರೂ ಮುಟ್ಟಬಾರದು. 1968ರ ನವೆಂಬರ್ 17ರಂದು ಜೆಟ್ಸ್–ರೈಡರ್ಸ್ ಪಂದ್ಯ ನಿಗದಿತ ಹೊತ್ತು ಮೀರಿತೆಂದು ಎನ್‌ಬಿಸಿ ವಾಹಿನಿ ಸಂಜೆ ಏಳಕ್ಕೆ ಪ್ರಸಾರ ಕಡಿದು ಮಕ್ಕಳ ಚಿತ್ರ ಹಾಕಿತು. ಹಿಂದಿದ್ದ ರೈಡರ್ಸ್ ಕೊನೆಯ ನಿಮಿಷದಲ್ಲಿ ಎರಡು ಟಚ್‌ಡೌನ್ ಹೊಡೆದು 43–32ರಿಂದ ಗೆದ್ದಿತು. ಬಹುಪಾಲು ದೇಶ ಅದನ್ನು ನೋಡಲಿಲ್ಲ. ರೊಚ್ಚಿಗೆದ್ದವರ ಕರೆಗಳಿಂದ ವಾಹಿನಿಯ ದೂರವಾಣಿ ವ್ಯವಸ್ಥೆಯೇ ಕೆಟ್ಟಿತು.

ನಿಯಮ ಬದಲಾಗುವವರೆಗೆ ನೀವು ಹೀಗೆ ಮಾಡಬಹುದು. ಪಂದ್ಯವನ್ನು ರೆಕಾರ್ಡಿಂಗ್‌ಗೆ ಹಾಕಿ, ಊಟ ಮುಗಿಸಿ ಒಂದೂಮುಕ್ಕಾಲಿಗೆ ಕುಳಿತುಕೊಳ್ಳಿ. ಜಾಹೀರಾತುಗಳನ್ನು ದಾಟಿಸುತ್ತ ಹೋದರೆ ಕೊನೆಯ ಕ್ವಾರ್ಟರ್ ಹೊತ್ತಿಗೆ ನೇರ ಪ್ರಸಾರವನ್ನು ಹಿಡಿಯುತ್ತೀರಿ. ಅಲ್ಲಿಂದಾಚೆಗೆ ರಿಮೋಟ್ ಮುಟ್ಟಬೇಡಿ. ಗಡಿಯಾರ ನಿಲ್ಲಿಸುವುದು ಆಗ ತಂಡಗಳ ತಂತ್ರವಾಗಿರುತ್ತದೆ. ಯಾವ ತಂಡದ ಬಳಿ ಎಷ್ಟು ಟೈಮ್‌ಔಟ್ ಉಳಿದಿವೆ ಎಂಬುದನ್ನು ಎಣಿಸುತ್ತ ನೋಡಿ.