ಎಂಎಸ್ಸಿ ಭೂಗೋಳಶಾಸ್ತ್ರ ಓದುತ್ತಿದ್ದೇನೆ, ಕೋಡಿಂಗ್ ಗೊತ್ತಿಲ್ಲ. ನಕ್ಷೆಯ ಡೇಟಾವನ್ನು ಪ್ರೋಗ್ರಾಮಿಂಗ್‌ನಲ್ಲಿ ಸಂಸ್ಕರಿಸುವುದನ್ನು ಹೇಗೆ ಕಲಿಯಲಿ?

ಪೈಥಾನ್‌ನಿಂದ ಶುರು ಮಾಡಿ. ಲಿಸ್ಟ್, ಲೂಪ್, ಫಂಕ್ಷನ್ ಇಷ್ಟು ಕೈಗೆ ಬಂದರೆ ಸಾಕು, ನೇರವಾಗಿ ನಕ್ಷೆಯ ಡೇಟಾಗೆಂದೇ ಇರುವ ಪೈಥಾನ್ ಲೈಬ್ರರಿ ಜಿಯೋಪಾಂಡಾಸ್‌ಗೆ ಹೋಗಿ. ಇಡೀ ಪೈಥಾನ್ ಮುಗಿಸಿ ಆಮೇಲೆ ನಕ್ಷೆ ಎಂದು ಕೂತರೆ ಸುಮ್ನೆ ಒಂದು ಸೆಮಿಸ್ಟರ್ ಹೋಗುತ್ತದೆ.

ಹೊಸಬರು ಜಾಸ್ತಿ ಎಡವುವುದು ಕೋಡ್‌ನಲ್ಲಲ್ಲ, ಪ್ರೊಜೆಕ್ಷನ್‌ನಲ್ಲಿ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನದಲ್ಲಿ. ಜಿಪಿಎಸ್ ಡೇಟಾ ಸಾಮಾನ್ಯವಾಗಿ ಡಿಗ್ರಿಯಲ್ಲಿರುತ್ತದೆ, ಅಂದರೆ ಇಪಿಎಸ್‌ಜಿ 4326 (ನಿರ್ದೇಶಾಂಕ ಪದ್ಧತಿಗೆ ಕೊಟ್ಟ ಸಂಕೇತ ಸಂಖ್ಯೆ). ಹಾಗೆಯೇ ಒಂದು ಕೆರೆಯ ವಿಸ್ತೀರ್ಣ ಲೆಕ್ಕ ಹಾಕಿದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ, ಅಲ್ವಾ? ರೇಖಾಂಶದ ಒಂದು ಡಿಗ್ರಿ ಬೆಂಗಳೂರಿನ ಬಳಿ ಸುಮಾರು 108 ಕಿ.ಮೀ., ದೆಹಲಿಯ ಬಳಿ ಸುಮಾರು 98 ಕಿ.ಮೀ. ಆದ್ದರಿಂದ ಮೊದಲು ಡೇಟಾವನ್ನು ಮೀಟರ್ ಲೆಕ್ಕದ ಯುಟಿಎಂಗೆ (ಭೂಮಿಯನ್ನು ವಲಯಗಳಾಗಿ ಹಂಚುವ ಪ್ರೊಜೆಕ್ಷನ್) ಬದಲಿಸಿ. ಕರ್ನಾಟಕದ ಬಹುಪಾಲು 43ನೇ ಉತ್ತರ ವಲಯದಲ್ಲಿದೆ, ಇಪಿಎಸ್‌ಜಿ 32643. ಮುಳಬಾಗಿಲಿನ ಕಡೆ 78 ಡಿಗ್ರಿ ಪೂರ್ವ ದಾಟಿದರೆ 44ನೇ ವಲಯ. ಇದೊಂದು ಮನಸ್ಸಿಗೆ ಇಳಿದರೆ ಅರ್ಧ ದಾರಿ ಸಾಗಿದಂತೆ.

ಉಪಗ್ರಹ ಚಿತ್ರಗಳಿಗೆ ರಾಸ್ಟೀರಿಯೋ ಎಂಬ ಪೈಥಾನ್ ಲೈಬ್ರರಿ ಕಲಿಯಿರಿ. ಸೆಂಟಿನೆಲ್-2 ಚಿತ್ರಗಳು ಉಚಿತ, ಕೆಲವು ಬ್ಯಾಂಡ್‌ಗಳಲ್ಲಿ (ಬೆಳಕಿನ ಒಂದೊಂದು ಭಾಗದ ಪದರ) 10 ಮೀಟರ್ ವಿವರ ಸಿಗುತ್ತದೆ. ಕೆಂಪು ಮತ್ತು ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ ತೆಗೆದುಕೊಂಡು ನಿಮ್ಮ ತಾಲ್ಲೂಕಿನ ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಎಂದು ತೋರಿಸುವ ಸೂಚ್ಯಂಕ, ಮಾಡಿ. ಊರಿನ ಗದ್ದೆ ಎಲ್ಲಿ, ಬೋಳುಗುಡ್ಡ ಎಲ್ಲಿ ಅಂತ ನಿಮಗೇ ಗೊತ್ತಿರುವುದರಿಂದ ತಪ್ಪಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಫಲಿತಾಂಶವನ್ನು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡುವುದನ್ನು ಮಾತ್ರ ಬಿಡಬೇಡಿ.