ಮೊದಲು ಟಾರ್ಪಾಲು, ಆಮೇಲೆ ಹ್ಯಾಮಕ್

ಓದುಗರ ಪ್ರಶ್ನೆಗಳಿಗೆ ತೋಟದ ರೈಟರ್ ಉತ್ತರ

ಪ್ರಶ್ನೆ: ನಾವು ಮೂವರು ಗೆಳೆಯರು. ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟದಲ್ಲಿ ಎರಡು ರಾತ್ರಿ ಇರೋಣ ಅಂತಿದ್ದೇವೆ. ಟೆಂಟ್ ಬೇಡ, ಮರಕ್ಕೆ ಹ್ಯಾಮಕ್ ಕಟ್ಟಿಕೊಂಡು ಮಲಗುವ ಆಸೆ. ಅಂಗಡಿಯಲ್ಲಿ ನೋಡಿದರೆ ಹತ್ತಾರು ಬಗೆ ಇವೆ. ಯಾವುದು ತೆಗೆದುಕೊಳ್ಳಲಿ? ಮೇಲೆ ಕಟ್ಟಲು ಮನೆಯಲ್ಲಿರುವ ನೀಲಿ ಟಾರ್ಪಾಲು ಸಾಕಾ? ನನ್ನ ಎತ್ತರ ಐದು ಅಡಿ ಹತ್ತು ಇಂಚು, ತೂಕ 80 ಕೆ.ಜಿ.
— ಓದುಗರು, ತುಮಕೂರು

ಉತ್ತರ: ಎತ್ತರ, ತೂಕ ಎರಡನ್ನೂ ಬರೆದಿದ್ದೀರಿ, ಸಂತೋಷ. ಹೆಚ್ಚಿನವರು ಬಣ್ಣ ಯಾವುದು ಚೆಂದ ಅಂತ ಕೇಳುತ್ತಾರೆ.

ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು, ಆಗಿದ್ದವನು. ಕಣದಲ್ಲಿ ಕಾಫಿ ಹರಡಲು ಟಾರ್ಪಾಲು, ಮೆಣಸು ಒಣಗಿಸಲು ಟಾರ್ಪಾಲು, ಮೋಡ ಕಂಡ ಕೂಡಲೇ ಓಡಿ ಹೋಗಿ ಮುಚ್ಚಲೂ ಟಾರ್ಪಾಲು. ಹಾಗಾಗಿ ನನ್ನ ಉತ್ತರ ಅಲ್ಲಿಂದಲೇ ಶುರು. ಹ್ಯಾಮಕ್ ಸಾಧಾರಣದ್ದಾದರೂ ಹೇಗೋ ರಾತ್ರಿ ಕಳೆಯುತ್ತದೆ. ಮೇಲಿನ ಹೊದಿಕೆ ಕೈಕೊಟ್ಟರೆ ಆ ರಾತ್ರಿ ಮುಗಿಯಿತು.

ಡಿಸೆಂಬರ್‌ನಲ್ಲಿ ಮಳೆ ಎಲ್ಲಿ ಅನ್ನಬೇಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕಾಫಿ ಕೊಯ್ಲಿನ ಹೊತ್ತಿಗೇ ಇಲ್ಲಿ ಜಡಿ ಹಿಡಿಯುವುದುಂಟು. ಮಳೆ ಬರದಿದ್ದರೂ ಮಂಜು ಬಿಡುವುದಿಲ್ಲ. ಬೆಳಗಿನ ಜಾವ ಸಿಲ್ವರ್ ಓಕ್ ಎಲೆಗಳಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಆಕಾಶ ಶುಭ್ರವಾಗಿದೆ ಅಂತ ಹೊದಿಕೆ ಕಟ್ಟದೆ ಮಲಗಿದವರು ಒದ್ದೆಯಾಗಿಯೇ ಏಳುತ್ತಾರೆ.

ನಿಮ್ಮ ನೀಲಿ ಟಾರ್ಪಾಲು ಸಾಕು, ಕಾರು ಹತ್ತಿರದವರೆಗೂ ಹೋಗುವುದಾದರೆ. ಹೊತ್ತು ನಡೆಯುವುದಾದರೆ ಬೇಡ. ಲೆಕ್ಕ ಸುಲಭ. ಟಾರ್ಪಾಲಿನ ಮೇಲೆ ಜಿಎಸ್‌ಎಂ ಅಂತ ಬರೆದಿರುತ್ತಾರಲ್ಲ, ಅದು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. 120 ಜಿಎಸ್‌ಎಂನ 3×4 ಮೀಟರ್ ಹಾಳೆ ಸುಮಾರು 1.4 ಕೆ.ಜಿ. ತೂಗುತ್ತದೆ. 200 ಜಿಎಸ್‌ಎಂ ಆದರೆ 2.4 ಕೆ.ಜಿ. ಚಾರಣಕ್ಕೆಂದೇ ಬರುವ ಸಿಲಿಕೋನ್ ಲೇಪದ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಇದೇ ಅಳತೆಗೆ ಮುಕ್ಕಾಲು ಕೆ.ಜಿ. ಒಳಗೆ ಮುಗಿಯುತ್ತದೆ. ಎರಡರಲ್ಲಿ ಪಾಲಿಯೆಸ್ಟರ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ನೈಲಾನ್ ಒದ್ದೆಯಾದರೆ ಹಿಗ್ಗಿ ಜೋತು ಬೀಳುತ್ತದೆ. ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ.

ಅಳತೆಯಲ್ಲಿ ಜಿಪುಣತನ ಬೇಡ. 3×3 ಮೀಟರ್ ಚೌಕವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದರೆ ಉದ್ದ ನಾಲ್ಕು ಮೀಟರ್ ದಾಟುತ್ತದೆ, ನಿಜ. ಆದರೆ ತಲೆ ಮತ್ತು ಕಾಲಿನ ಕಡೆ ಹೊದಿಕೆ ಮೊನಚಾಗಿ ಕಿರಿದಾಗುತ್ತದೆ. ಮಂಜಿಗೆ ಸಾಕು, ಗಾಳಿಮಳೆಗೆ ಸಾಲದು. 3×4 ಇದ್ದರೆ ನಾಲ್ಕು ಮೀಟರ್ ಕಡೆಯನ್ನು ಹ್ಯಾಮಕ್ ಉದ್ದಕ್ಕೆ ಹಿಡಿಯಿರಿ. ಎರಡೂ ಬದಿಗೆ ಒಂದೂವರೆ ಮೀಟರ್ ಇಳಿಜಾರು ಸಿಗುತ್ತದೆ. ಗಾಳಿ ಬರುವ ಕಡೆ ನೆಲದ ಹತ್ತಿರಕ್ಕೆ ತಗ್ಗಿಸಿ ಗೂಟ ಹೊಡೆಯಿರಿ. ಇನ್ನೊಂದು ಬದಿಯನ್ನು ಎತ್ತಿ ಕಟ್ಟಿದರೆ ಕುಳಿತು ಕಾಫಿ ಕುಡಿಯಲು ಜಾಗವಾಯಿತು. ಒಲೆ ಮಾತ್ರ ಹೊರಗೇ ಇರಲಿ. ನೈಲಾನ್ ಒಂದು ಕಿಡಿಗೆ ತೂತಾಗುತ್ತದೆ.

ಅಗ್ಗದ ಟಾರ್ಪಾಲಿನಲ್ಲಿ ಮೊದಲು ಕಿತ್ತು ಬರುವುದು ಅಂಚಿನ ಕಣ್ಣು, ಹಗ್ಗ ಪೋಣಿಸುವ ಲೋಹದ ಬಳೆ. ಕಿತ್ತು ಹೋದರೆ ಎಸೆಯಬೇಡಿ. ಗೋಲಿ ಗಾತ್ರದ ನುಣುಪು ಕಲ್ಲನ್ನು ಹಾಳೆಯೊಳಗೆ ಇಟ್ಟು, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಕಣ್ಣಿಗಿಂತ ಅದೇ ಗಟ್ಟಿ. ಕಣದಲ್ಲಿ ನಾವು ಮಾಡುತ್ತಿದ್ದದ್ದೂ ಇದನ್ನೇ.

ಈಗ ಹ್ಯಾಮಕ್. ಎರಡೂ ತುದಿಗೆ ಮರದ ಪಟ್ಟಿ ಇರುವ ಹಗ್ಗದ ಜಾಲರಿ ಬೇಡವೇ ಬೇಡ. ಅದು ರೆಸಾರ್ಟಿನಲ್ಲಿ ಫೋಟೋ ತೆಗೆಸಿಕೊಳ್ಳಲು. ಮಗ್ಗುಲು ಬದಲಿಸಿದರೆ ನೆಲಕ್ಕೆ ಬೀಳಿಸುತ್ತದೆ. ತುದಿಗಳನ್ನು ನಿರಿಗೆಯಂತೆ ಒಟ್ಟು ಮಾಡಿ ಕಟ್ಟಿದ ಬಟ್ಟೆಯ ಹ್ಯಾಮಕ್ ತೆಗೆದುಕೊಳ್ಳಿ. ಅಗ್ಗದವು 2.7 ಮೀಟರ್ ಆಸುಪಾಸು ಉದ್ದ ಬರುತ್ತವೆ. ನಿಮ್ಮ ಎತ್ತರಕ್ಕೆ ಅದು ಗಿಡ್ಡ. 3.3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇರಲಿ. ಅಷ್ಟು ಉದ್ದ ಯಾಕೆ ಅಂದರೆ, ಅದರಲ್ಲಿ ನೇರವಾಗಿ ಮಲಗಬಾರದು. ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ ಸರಿಸಿ ಓರೆಯಾಗಿ ಮಲಗಬೇಕು. ಆಗ ಬೆನ್ನು ಹೆಚ್ಚುಕಮ್ಮಿ ಚಪ್ಪಟೆಯಾಗುತ್ತದೆ. ಹ್ಯಾಮಕ್‌ನಲ್ಲಿ ಬೆನ್ನು ಬಿಲ್ಲಾಗುತ್ತದೆ ಅಂತ ದೂರುವವರೆಲ್ಲ ಗಿಡ್ಡ ಹ್ಯಾಮಕ್‌ನಲ್ಲಿ ನೇರ ಮಲಗಿದವರು.

ಎರಡು ತುದಿಗಳ ನಡುವೆ ಒಂದು ಗಟ್ಟಿ ದಾರ ಕಟ್ಟಿಕೊಳ್ಳಿ. ಹ್ಯಾಮಕ್ ಉದ್ದದ ನೂರಕ್ಕೆ 83 ಭಾಗದಷ್ಟು. 3.3 ಮೀಟರಿಗೆ ಅದು ಸುಮಾರು 2.75 ಮೀಟರ್. ಈ ದಾರ ಇದ್ದರೆ ಮರಗಳ ದೂರ ಎಷ್ಟೇ ಇರಲಿ, ಬಟ್ಟೆಯ ಜೋಲು ಪ್ರತಿಸಲ ಒಂದೇ ರೀತಿ ಬರುತ್ತದೆ. ಟಾರ್ಚು, ಕನ್ನಡಕ, ಶೂ ಎಲ್ಲ ನೇತು ಹಾಕಲೂ ಅದೇ.

ಬಿಗಿಯಾಗಿ ಎಳೆದು ಕಟ್ಟಿದಷ್ಟೂ ಗಟ್ಟಿ ಅನ್ನಿಸುತ್ತದೆ, ಅಲ್ವಾ? ಉಲ್ಟಾ. ಮರಕ್ಕೆ ಸುತ್ತಿದ ಪಟ್ಟಿ ಮಟ್ಟಸಕ್ಕಿಂತ 30 ಡಿಗ್ರಿ ಇಳಿಜಾರಿನಲ್ಲಿದ್ದರೆ, ನಿಮ್ಮ 80 ಕೆ.ಜಿ.ಗೆ ಒಂದೊಂದು ಪಟ್ಟಿಯೂ 80 ಕೆ.ಜಿ. ಎಳೆತ ತಡೆಯುತ್ತದೆ. ಎಳೆದೆಳೆದು 10 ಡಿಗ್ರಿಗೆ ತಂದರೆ ಅದೇ ಎಳೆತ 230 ಕೆ.ಜಿ. ಆಗುತ್ತದೆ. ಪಟ್ಟಿಗೂ ಕಷ್ಟ, ಮರಕ್ಕೂ ಕಷ್ಟ, ಮಲಗಿದವರಿಗೂ ಕಷ್ಟ. ಮರಗಳ ನಡುವೆ ನಾಲ್ಕರಿಂದ ಐದು ಮೀಟರ್ ಇರಲಿ. ಪಟ್ಟಿಯನ್ನು ಐದೂವರೆ ಅಡಿಯಿಂದ ಆರಡಿ ಎತ್ತರದಲ್ಲಿ ಸುತ್ತಿ. ಕುಳಿತಾಗ ನೆಲದಿಂದ ಒಂದೂವರೆ ಅಡಿ ಮೇಲಿದ್ದರೆ ಸರಿ. ಅದಕ್ಕಿಂತ ಎತ್ತರ ಕಟ್ಟುವುದು ಸುಮ್ನೆ ಶೋಕಿ.

ಪಟ್ಟಿ ಕನಿಷ್ಠ ಒಂದು ಇಂಚು ಅಗಲದ ಪಾಲಿಯೆಸ್ಟರ್ ಆಗಿರಲಿ. ಹಗ್ಗ ಸುತ್ತಿದರೆ ತೊಗಟೆ ಕೊರೆಯುತ್ತದೆ. ತೋಟದಲ್ಲಿ ಇನ್ನೊಂದು ವಿಷಯ: ಸಿಲ್ವರ್ ಓಕ್‌ಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಡಿಸೆಂಬರ್‌ನಲ್ಲಿ ಕರೆ (ಮೆಣಸಿನ ಗೊಂಚಲು) ತುಂಬಿ ನಿಂತಿರುತ್ತದೆ. ಬಳ್ಳಿಯ ಮೇಲೆ ಪಟ್ಟಿ ಬಿಗಿದರೆ ಪರಿಚಯ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಬಳ್ಳಿ ಇಲ್ಲದ ಮರ ಯಾವುದು ಅಂತ ಮಾಲೀಕರನ್ನೇ ಕೇಳಿ. ಕಟ್ಟುವ ಮೊದಲು ತಲೆ ಎತ್ತಿ ನೋಡಿ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿದ ತೋಟದಲ್ಲಿ ಕಡಿದ ಕೊಂಬೆಗಳು ಕೆಳಗೆ ಬೀಳದೆ ಮೇಲೆಯೇ ಸಿಕ್ಕಿಕೊಂಡಿರುತ್ತವೆ. ಒಣ ಕೊಂಬೆ, ಜೇನು, ಚಗಳಿ (ಕೆಂಪಿರುವೆ) ಗೂಡು ಕಂಡರೆ ಬೇರೆ ಮರ ನೋಡಿ.

ಕೊಳ್ಳುವಾಗ ಯಾರೂ ಯೋಚಿಸದ ವಿಷಯ ಕೆಳಗಿನ ಚಳಿ. ಸ್ಲೀಪಿಂಗ್ ಬ್ಯಾಗ್ ಬೆನ್ನಿನ ಕೆಳಗೆ ಒತ್ತಿಹೋಗಿ ತೆಳುವಾಗುತ್ತದೆ. ಅದರಡಿ ಗಾಳಿ ಆಡುತ್ತದೆ. ಎದೆ ಬೆಚ್ಚಗಿದ್ದು ಬೆನ್ನು ಮರಗಟ್ಟುತ್ತದೆ. ಒಂದು ಫೋಮ್ ಹಾಸು ಒಳಗೆ ಹಾಕಿಕೊಂಡರೂ ಎಷ್ಟೋ ವಾಸಿ. ಅದು ಜಾರುತ್ತದೆ, ಹಾಗಾಗಿ ಎರಡು ಪದರದ ಹ್ಯಾಮಕ್ ತೆಗೆದುಕೊಂಡು ಪದರಗಳ ನಡುವೆ ಸೇರಿಸಿ. ನನ್ನ ಇಷ್ಟದ್ದು ಚಳ್ಳಕೆರೆ ಕಡೆಯ ಒರಟು ಕಂಬಳಿ. ಹ್ಯಾಮಕ್ ಹೊರಗೆ, ಕೆಳಭಾಗಕ್ಕೆ ತಾಗುವಂತೆ, ಎರಡು ತುದಿ ಕಟ್ಟಿ ತೂಗುಬಿಡುತ್ತೇನೆ. ಮೈಭಾರ ಅದರ ಮೇಲೆ ಬೀಳುವುದಿಲ್ಲ, ಹಾಗಾಗಿ ಒತ್ತಿಹೋಗುವುದಿಲ್ಲ. ಭಾರ ಜಾಸ್ತಿ, ಹೊತ್ತು ನಡೆಯುವವರಿಗೆ ಆಗದು.

ಕೊನೆಗೆ ಜಾಗ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದೊಳಗೇ ಆನೆ ಓಡಾಡುತ್ತವೆ. ಡಿಸೆಂಬರ್ ಅಂದರೆ ಭತ್ತ ಮಾಗಿರುವ ಹೊತ್ತು, ಗದ್ದೆಗೆ ಇಳಿಯುತ್ತವೆ. ತೋಟದ ನಡುವೆ, ಗದ್ದೆ ಅಂಚಿನಲ್ಲಿ, ಹಳ್ಳದ ದಾರಿಯಲ್ಲಿ ಕಟ್ಟಬೇಡಿ. ಬಂಗಲೆ ಅಥವಾ ಲೈನ್ ಮನೆಗಳ (ಕೂಲಿಯವರ ಸಾಲುಮನೆಗಳ) ಅಂಗಳದ ಅಂಚಿನಲ್ಲಿ ಕಟ್ಟಿ. ಕಾಡಿನ ಅನುಭವ ಬರಲ್ಲ ಅಂತ ನಿಮ್ಮ ಗೆಳೆಯರು ಗೊಣಗಬಹುದು. ಗೊಣಗಲಿ. ಆನೆ ಬಂದಿದೆ ಅಂತ ಸಂಜೆ ಸುದ್ದಿ ಬಂದರೆ ಎಲ್ಲ ಬಿಚ್ಚಿ ಮನೆಯೊಳಗೆ ಮಲಗಿ.

ಪ್ರಶ್ನೆ: ಅನುಮತಿ ಇಲ್ಲದೆ ಕಾಡಿನಲ್ಲಿ ಹ್ಯಾಮಕ್ ಕಟ್ಟಿ ಒಂದು ರಾತ್ರಿ ಇದ್ದರೆ ಏನಾಗುತ್ತದೆ? ಬೆಂಕಿ ಹಾಕುವುದಿಲ್ಲ, ಕಸ ಬಿಡುವುದಿಲ್ಲ.
— ಓದುಗರು, ಬೆಂಗಳೂರು

ಉತ್ತರ: ಕೇಸ್ ಆಗಬಹುದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು. ಕಸ ಬಿಡದಿರುವುದು ಒಳ್ಳೆಯ ಗುಣ, ಅದು ಅನುಮತಿ ಅಲ್ಲ. ಖಾಸಗಿ ತೋಟ, ಹೋಂಸ್ಟೇ ಬೇಕಾದಷ್ಟಿವೆ. ಮುಂಚೆಯೇ ಕೇಳಿಕೊಂಡು ಹೋಗಿ.

ಪ್ರಶ್ನೆ: ನೆಲದಿಂದ ಮೇಲಿರುವುದರಿಂದ ಇಂಬಳ, ಉಣುಗಿನ ಕಾಟ ಇರುವುದಿಲ್ಲ ತಾನೇ?
— ಓದುಗರು, ಸಾಗರ

ಉತ್ತರ: ಮಲಗಿದಾಗ ಕಡಿಮೆ. ಆದರೆ ಕಟ್ಟುವಾಗ, ಬಿಚ್ಚುವಾಗ, ರಾತ್ರಿ ಎದ್ದು ಹೋಗುವಾಗ ಕಾಲು ತರಗೆಲೆಯ ಮೇಲೇ ಇರುತ್ತದಲ್ಲ. ಇಂಬಳ ಮಳೆಗಾಲದ ಕಾಟ, ಉಪ್ಪು, ಹೊಗೆಸೊಪ್ಪಿಗೆ ಬಗ್ಗುತ್ತದೆ. ಉಣುಗು ಹಾಗಲ್ಲ. ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು. ಅದನ್ನು ಹರಡುವುದು ಉಣುಗು. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಎಲ್ಲರೂ ಕ್ಯಾಂಪಿಂಗ್ ಹೊರಡುವ ಕಾಲದಲ್ಲೇ, ಅದರ ಹಾವಳಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಡೆ ಹೋಗಬೇಡಿ. ಬೇರೆ ಕಡೆಯೂ ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬ್ಯಾಗು, ಕಂಬಳಿಯನ್ನು ನೆಲದ ಮೇಲೆ ಇಡಬೇಡಿ. ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಆಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಟಾರ್ಪಾಲು ಚೆನ್ನಾಗೇ ಇದೆ. ಆದರೂ ಮಳೆ ಬಂದಾಗ ಹ್ಯಾಮಕ್ ತುದಿ ಒದ್ದೆಯಾಗಿ ನೀರು ಬೆನ್ನಿನವರೆಗೂ ಬರುತ್ತದೆ. ಏನು ಮಾಡಲಿ?
— ಓದುಗರು, ಕಳಸ

ಉತ್ತರ: ನೀರು ಮರದಿಂದ ಪಟ್ಟಿಯ ಮೇಲೆ ಹರಿದು ಬರುತ್ತಿದೆ. ಟಾರ್ಪಾಲಿನ ಅಂಚಿನ ಒಳಗೆ, ಹ್ಯಾಮಕ್ ಶುರುವಾಗುವ ಮೊದಲು, ಪಟ್ಟಿಗೆ ಒಂದು ತುಂಡು ಹತ್ತಿ ದಾರ ಕಟ್ಟಿ ಇಳಿಬಿಡಿ. ಹಳೆಯ ಶೂ ಲೇಸ್ ಆದರೂ ಸರಿ. ನೀರು ಅದರ ಗುಂಟ ಕೆಳಗಿಳಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಎರಡೂ ತುದಿಗೆ ಕಟ್ಟಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮೊಮ್ಮಕ್ಕಳು ರಜೆಗೆ ಬಂದಾಗ ಅಡಿಕೆ ಮರಗಳ ನಡುವೆ ಹ್ಯಾಮಕ್ ಕಟ್ಟಿಕೊಡಬಹುದಾ?
— ಓದುಗರು, ಪುತ್ತೂರು

ಉತ್ತರ: ಬೇಡ ಅಕ್ಕ. ಅಡಿಕೆ ಮರ ಎತ್ತರ, ಸಪೂರ. ಅಡ್ಡ ಎಳೆದರೆ ಬಾಗುತ್ತದೆ, ಮೇಲಿನಿಂದ ಸೋಗೆ ಬೀಳುತ್ತದೆ. ತೆಂಗಿನ ಬುಡವಂತೂ ಬೇಡವೇ ಬೇಡ, ಕಾಯಿ ಹೇಳಿ ಕೇಳಿ ಬೀಳುವುದಿಲ್ಲ. ಮನೆ ಹತ್ತಿರ ಮಾವು, ಹಲಸು ಇದ್ದರೆ ಅದರ ದಪ್ಪ ಕಾಂಡಕ್ಕೆ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಕೊಟ್ಟಿಗೆಯ ಕಲ್ಲುಕಂಬಕ್ಕೆ. ಹಲಸು ಹಣ್ಣಾಗುವ ಹೊತ್ತಿನಲ್ಲಿ ಮಾವೇ ಒಳ್ಳೆಯದು. ಮಕ್ಕಳಿಗೆ ಒಂದು ಅಡಿಗಿಂತ ಎತ್ತರ ಬೇಡ, ಕೆಳಗಿರುವ ಕಲ್ಲುಗಳನ್ನು ಆರಿಸಿ ತೆಗೆಯಿರಿ. ಮೊದಲು ಮನೆಯ ದೊಡ್ಡವರೊಬ್ಬರನ್ನು ಕೂರಿಸಿ ನೋಡಿ.