ಎರಡು ಕೋಣೆಗೂ ಹದಿನಾಲ್ಕು ಕೋಣೆಗೂ ಒಂದೇ ಬೋರ್ಡೇ?

ಮಡಿಕೇರಿ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಪತ್ರದ ಸಾರ: ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದೇವೆ. ನೋಂದಣಿಗೆ ಅಲೆದು ಅಲೆದು ಸಾಕಾಗಿದೆ. ಪಕ್ಕದಲ್ಲೇ ಹದಿನಾಲ್ಕು ಕೋಣೆ ಕಟ್ಟಿ ಮ್ಯಾನೇಜರ್ ಇಟ್ಟವರು ನಮ್ಮ ಹಾಗೆಯೇ ಹೋಮ್‌ಸ್ಟೇ ಬೋರ್ಡು ಹಾಕಿದ್ದಾರೆ. ಈ ನಿಯಮಗಳನ್ನೆಲ್ಲ ಕಿತ್ತುಹಾಕಿದರೆ ನಮ್ಮಂಥವರು ಬದುಕಿಕೊಳ್ಳುತ್ತೇವೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವೇ. ಆದರೆ ನಿಯಮ ಕಿತ್ತರೆ ಮೊದಲು ಕೊಚ್ಚಿಹೋಗುವವರು ನೀವೇ ಹೊರತು ಪಕ್ಕದವರಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಯೋಜನೆಯನ್ನೇ ನೋಡಿ: ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ, ಮಾಲೀಕರು ಸಂಸಾರ ಸಮೇತ ಅದೇ ಮನೆಯಲ್ಲಿ ವಾಸವಿರಬೇಕು. ನಿಮ್ಮ ಎರಡು ಕೋಣೆಗಿರುವ ಬೇಲಿ ಇಷ್ಟೇ. ಇದೂ ಹೋದರೆ, ಹದಿನಾಲ್ಕು ಕೋಣೆಯವರು ಸೋಮವಾರದಿಂದ ಗುರುವಾರದವರೆಗೆ ಅರ್ಧ ದರಕ್ಕೆ ಇಳಿದಾಗ ನೀವು ಎಷ್ಟು ದಿನ ತಾಳುತ್ತೀರಿ?

ನ್ಯೂಯಾರ್ಕ್‌ನವರು 2023ರ ಸೆಪ್ಟೆಂಬರ್‌ನಿಂದ ಇದನ್ನೇ ಬಿಗಿ ಮಾಡಿದರು. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ಮನೆಯವರು ಅಲ್ಲೇ ಇರಬೇಕು, ಅತಿಥಿಗಳು ಇಬ್ಬರೇ. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯನ್ನು 2028ರ ನಂತರ ಮುಂದುವರಿಸುವುದಿಲ್ಲ ಎಂದು ಘೋಷಿಸಿಬಿಟ್ಟಿದೆ. ನಮಗೆ ಅಷ್ಟು ದೂರದ ಮದ್ದು ಬೇಡ. ಮನೆಯವರು ಮನೆಯಲ್ಲಿದ್ದಾರೋ ಇಲ್ಲವೋ ಎಂದು ಒಬ್ಬ ಅಧಿಕಾರಿ ಬುಧವಾರ ರಾತ್ರಿ ಹೋಗಿ ನೋಡಿದರೆ ಸಾಕು.

ನಿಮ್ಮ ಅಲೆದಾಟ ಎಲ್ಲಿ ಹುಟ್ಟುತ್ತದೆ ಎಂಬುದು ಪತ್ರದಲ್ಲೇ ಇದೆ: ಜಮ್ಮಾ ಬಾಣೆ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ತಲೆಮಾರುಗಳಿಂದ ಬಂದ ಜಮೀನು. ಪಹಣಿಯಲ್ಲಿ ಪಟ್ಟೇದಾರನೆಂದು ಯಾವುದೋ ತಲೆಮಾರಿನ ಅಜ್ಜನ ಹೆಸರು, ಕೆಳಗೆ ಒಕ್ಕದವರ ಸಾಲು ಸಾಲು ಹೆಸರು. ಅರ್ಜಿ ಕೇಳುವುದೋ ಒಬ್ಬ ಮಾಲೀಕನ ದಾಖಲೆ. ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಪಾಲುದಾರರ ಒಪ್ಪಿಗೆ ಪತ್ರಕ್ಕೆ ನೋಟರಿ ಮಾಡಿಸಿ, ಆ ಮನೆಯಲ್ಲಿ ನೀವೇ ವಾಸವಿರುವುದಕ್ಕೆ ಪಂಚಾಯಿತಿಯ ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ ಸೇರಿಸಿ, ಪಂಚಾಯಿತಿಯ ನಿರಾಕ್ಷೇಪಣಾ ಪತ್ರವನ್ನು ಮೊದಲು ಕೈಗೆ ತೆಗೆದುಕೊಳ್ಳಿ. ಪೊಲೀಸರ ಬಳಿ ಆಮೇಲೆ ಹೋಗಿ. ಹಿಂದುಮುಂದಾದರೆ ಒಂದೇ ಕಡತ ಎರಡು ಸಲ ಸುತ್ತುತ್ತದೆ.

ನೋಂದಣಿಯೇ ಬೇಡ, ಸುಮ್ಮನೆ ನಡೆಸುತ್ತೇನೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅದು ಮಾತ್ರ ಬೇಡ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತುಂಬಿ ಕಳಿಸಬೇಕು. ಒಂದೇ ಕೋಣೆ ಕೊಟ್ಟರೂ ಇದು ತಪ್ಪದು. ಊಟ ಹಾಕುವುದಾದರೆ ಆಹಾರ ಸುರಕ್ಷತೆಯ ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ, ಅದಕ್ಕೂ ಕಂಜೂಸಿ ಮಾಡಬೇಡಿ. ಇನ್ನು ಜಿಎಸ್‌ಟಿ. ನಿಮ್ಮ ವಹಿವಾಟು 20 ಲಕ್ಷದ ಒಳಗಿದ್ದರೆ ನೋಂದಣಿ ಬೇಕಿಲ್ಲ, ಸರಿ. ಆದರೆ ಆ್ಯಪ್ ಮೂಲಕ ಬಂದ ಬುಕಿಂಗಿಗೆ ತೆರಿಗೆಯನ್ನು ಆ್ಯಪ್‌ನವರೇ ಕಟ್ಟಬೇಕು. 3,000 ರೂಪಾಯಿಯ ಕೋಣೆಗೆ ಈಗಿನ ಶೇ 5ರ ಲೆಕ್ಕದಲ್ಲಿ 150 ರೂಪಾಯಿ ಸೇರುತ್ತದೆ, ಕಮಿಷನ್ ಬೇರೆ. ಫೋನಿನಲ್ಲಿ ನೇರ ಕೇಳಿ ಬಂದವರಿಗೆ ಅದಿಲ್ಲ. ‘ನೀವು ಹೇಳಿದ್ದೊಂದು, ಆ್ಯಪ್‌ನಲ್ಲಿ ಇರುವುದೊಂದು’ ಎಂದು ಅತಿಥಿಗಳು ನಿಮ್ಮ ಮೇಲೆ ರೇಗುವುದು ಇದಕ್ಕೇ.

ಇಲಾಖೆಯವರು ಕೇಳದೆ ಬಿಡುವ ಒಂದು ಸಂಗತಿಯನ್ನು ನೀವೇ ನೋಡಿಕೊಳ್ಳಿ. ಐದು ಜನಕ್ಕೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ಶನಿವಾರ ಇನ್ನೂ ಆರು ಜನ ಸೇರಿದರೆ ಗಸಿ ಕೆಳಗೆ ಕೂರುವಷ್ಟು ಹೊತ್ತು ನೀರು ನಿಲ್ಲುವುದಿಲ್ಲ, ಹಾಗೇ ಇಂಗುಗುಂಡಿಗೆ ಹೋಗಿ ಅದರ ಬಾಯಿ ಕಟ್ಟುತ್ತದೆ. ಜುಲೈ ಮಳೆಗೆ ನೆಲ ನೆಂದು ಕೂತಿರುವಾಗ ಅದು ಬಾವಿಯ ಕಡೆಗೇ ಒಸರುವುದು. ಇಂಗುಗುಂಡಿಗೂ ಬಾವಿಗೂ 18 ಮೀಟರ್, ಅಂದರೆ ಸುಮಾರು 60 ಅಡಿ ಇರಲಿ. ಇಳಿಜಾರಿನಲ್ಲಿ ಬಾವಿ ಮೇಲಿರಲಿ.

ದೊಡ್ಡವರಿಂದ ಊರಿನ ನಾಲ್ಕು ಹುಡುಗರಿಗೆ ಕೆಲಸ ಸಿಕ್ಕಿದೆ, ಜೀಪಿನವರಿಗೆ ಬಾಡಿಗೆ ಸಿಕ್ಕಿದೆ, ಇಲ್ಲವೆನ್ನುವುದಿಲ್ಲ. ಹಾಗಿದ್ದರೆ ಅವರು ರೆಸಾರ್ಟ್ ಎಂದೇ ಬೋರ್ಡು ಹಾಕಲಿ, ಭೂಪರಿವರ್ತನೆ ಮಾಡಿಸಲಿ, ವಾಣಿಜ್ಯ ದರದ ಕರೆಂಟು ಉರಿಸಲಿ. ಮನೆ ಎಂಬ ರಿಯಾಯಿತಿ ಯಾಕೆ? ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟುವಂತೆಯೂ ಇಲ್ಲ, ಮಾರಿದವರು ನಾವೇ. ಕಾಫಿ ತೋಟ ಕೊಳ್ಳಲು ಕೃಷಿಕರಲ್ಲದವರಿಗೆ ಮೊದಲೂ ತಡೆ ಇರಲಿಲ್ಲ. ಗದ್ದೆಗೆ ಇತ್ತು, 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ ಅದೂ ಹೋಯಿತು. ಈಗ ವರ್ಗವಾಗಿ ಬಂದ ಮೇಷ್ಟ್ರು ಬಾಡಿಗೆ ಮನೆ ಕೇಳಿದರೆ ‘ಒಂದು ರಾತ್ರಿಗೋ, ಎರಡು ರಾತ್ರಿಗೋ’ ಎನ್ನುವ ಕಾಲ.

ಅನುಮತಿ ಆಮೇಲೆ ನೋಡಿಕೊಳ್ಳೋಣ ಎಂದವರ ಗತಿಗೆ ವಿರೂಪಾಪುರಗಡ್ಡೆ ಇದೆ. ಹಂಪಿಯ ಎದುರು ದಡದ ಆ ವಸತಿಗಳವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. 2020ರ ಮಾರ್ಚ್‌ನಲ್ಲಿ ಜೆಸಿಬಿ ಬಂದಾಗ ಚಿಕ್ಕವರು ಯಾರು, ದೊಡ್ಡವರು ಯಾರು ಎಂದು ಅದು ಕೇಳಲಿಲ್ಲ.

ಹದಿನಾಲ್ಕು ಕೋಣೆಯವರ ಹೆಸರು ಬರೆದು ಕಳಿಸಿದ್ದೀರಿ. ಅದನ್ನು ನಾವು ಅಚ್ಚು ಹಾಕುವುದಿಲ್ಲ. ಅದೇ ದೂರನ್ನು ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಕೊಟ್ಟು, ಒಂದು ಪ್ರತಿಯನ್ನು ಪಿಡಿಒ ಅವರಿಗೂ ಸಲ್ಲಿಸಿ. ಎರಡೂ ಕಡೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

– ಸಂ.